ಕರೆಯುವವರು ಯಾರೂ ಇಲ್ಲ

“ಬೆರಳುಗಳೆಲ್ಲಿ ಅಂತ ಕೇಳ್ದೆ ಅಕ್ಕ, ಆ ನರ್ಸು ನನ್ನ ಮುಖ ಕೂಡ ನೋಡ್ಲಿಲ್ಲ,” ಎಂದಳು ಓರಗಿತ್ತಿ. “ಒಂದು ಪ್ಲಾಸ್ಟಿಕ್ ಚೀಲ ಎತ್ಕೊಂಡು ಆ ಕಡೆ ಹೊರಟೋದ್ಲು. ಅದ್ರಲ್ಲಿ ಏನಿತ್ತು ಅಂತ ನಂಗೊತ್ತಿಲ್ವಾ? ಹನ್ನೊಂದು ವರ್ಷ ಆ ಕೈಗೆ ಊಟ ಬಡಿಸಿದೀನಿ.”

ಟೀಚರಮ್ಮ ಅವಳ ಬೆನ್ನು ಸವರಿದಳು. ಆಸ್ಪತ್ರೆಯ ಮೊಗಸಾಲೆಯ ಬೆಂಚು ಕಬ್ಬಿಣದ್ದು, ಕೂತವರ ಮೈಬಿಸಿಯನ್ನೆಲ್ಲ ಹೀರಿಕೊಂಡು ತಾನು ಮಾತ್ರ ತಣ್ಣಗೇ ಉಳಿಯುವಂಥದ್ದು. ಎದುರಿನ ಬಾಗಿಲಿನಾಚೆ ಮಲಗಿದ್ದವನು ಓರಗಿತ್ತಿಯ ಗಂಡ, ಟೀಚರಮ್ಮನ ಮೈದುನ. ಬೆಳಗಿನ ಪಾಳಿ ಶುರುವಾಗಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ತಗಡು ಒತ್ತುವ ಪ್ರೆಸ್ಸು ಇಳಿದು ಅವನ ಬಲಗೈಯನ್ನು ಮಣಿಕಟ್ಟಿನ ತನಕ ಚಪ್ಪಟೆ ಮಾಡಿತ್ತು.

“ಪಕ್ಕದ ಮೆಷಿನ್ನಿನೋರು ಹೇಳಿದ್ರು, ಮೊದಲು ಕೂಗ್ಲೇ ಇಲ್ವಂತೆ.” ಓರಗಿತ್ತಿಗೆ ಹೇಳದೆ ಇರಲಾಗುತ್ತಿರಲಿಲ್ಲ. “ದಿನಾ ತಗಡಿನ ಮೇಲೆ ಬೀಳೋ ಹಾಗೇ ಬಿತ್ತಂತೆ. ವಾಪಸ್ ಮೇಲೆ ಹೋಗುವಾಗ ಕೈಯೂ ಅದಕ್ಕೆ ಅಂಟ್ಕೊಂಡು ಮೇಲೆ ಹೋಯ್ತಂತೆ. ಆಗ ಕೂಗಿದ್ರಂತೆ.”

“ಆ ಬೆಳಕಿನ ಪರದೆ ಇತ್ತಲ್ವೇನೇ? ಕೈ ಅಡ್ಡ ಬಂದ್ರೆ ನಿಲ್ಲಬೇಕಲ್ಲ ಅದು.”

“ನಿಲ್ಲಬೇಕಿತ್ತು. ನಿಲ್ಲಲಿಲ್ಲ.”

ಆ ಪರದೆಯ ವಿಷಯ ಮನೆಮಂದಿಗೆಲ್ಲ ಗೊತ್ತಿತ್ತು. ಪ್ರೆಸ್ಸಿನ ಮುಂದೆ ಅಡ್ಡಲಾಗಿ ಹಾಯುವ ಬೆಳಕಿನ ಎಳೆಗಳು. ಅವುಗಳ ನಡುವೆ ಕೈ ಹೋದರೆ, ಹಳೆಯ ಪ್ರೆಸ್ಸಿಗೆ ಹೊಸದಾಗಿ ಕೂಡಿಸಿದ ಕಂಪ್ಯೂಟರು ಅದನ್ನು ಗಕ್ಕನೆ ನಿಲ್ಲಿಸಿಬಿಡುತ್ತಿತ್ತು. “ಅದು ನನ್ನ ಎರಡನೇ ಹೆಂಡ್ತಿ, ಅತ್ತಿಗೆ,” ಎಂದು ಮೈದುನ ಊಟಕ್ಕೆ ಕೂತಾಗಲೆಲ್ಲ ನಗಿಸುತ್ತಿದ್ದ. “ಕೈ ಒಂಚೂರು ಮುಂದೆ ಹೋದ್ರೆ ಸಾಕು, ಮುಖ ಗಂಟು ಹಾಕ್ಕೊಂಡು ನಿಂತುಬಿಡುತ್ತೆ.”

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಟೀಚರಮ್ಮನ ಗಂಡ ಬಂದ. ಅವನು ಅದೇ ಕಾರ್ಖಾನೆಯ ಫಿಟ್ಟರು. ತಮ್ಮನನ್ನು ಪ್ರೆಸ್ಸಿನಿಂದ ಬಿಡಿಸಿದವನೂ ಅವನೇ. ಅಂಗಿಯ ಎದೆಭಾಗ ರಕ್ತ ಒಣಗಿ ರಟ್ಟಿನಂತಾಗಿತ್ತು. ಹೆಗಲಿನ ಚೀಲದಲ್ಲಿ ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಚೀಲವನ್ನು ಕೆಳಗಿಡಬೇಕೆಂಬ ಎಚ್ಚರವೂ ಅವನಿಗಿರಲಿಲ್ಲ. ಅವನ ಹಿಂದೆಯೇ ಕಾರ್ಖಾನೆಯ ಇಂಜಿನಿಯರು ಬಂದ.

“ಮೇಡಂ, ನೀವು ಆ ಕಂಪ್ಯೂಟರ್ ಕೋಡಿನ ನಕ್ಷೆ ತೋರಿಸೋ ಟೂಲಿನ ಕಂಪನಿಯವರಲ್ವಾ?” ಇಂಜಿನಿಯರು ಮೆಲ್ಲಗೆ ಕೇಳಿದ. “ಮೊನ್ನೆ ಪ್ರೆಸ್ಸಿನ ಕೋಡು ಕ್ಲೀನ್ ಮಾಡೋಕೆ ನಮ್ಮ ಏಜೆಂಟು ಪ್ರೋಗ್ರಾಮಿಗೆ ಕೊಟ್ಟಿದ್ವಿ. ಅದು ನಿಮ್ಮ ಟೂಲೇ ಬಳಸಿದ್ದು. ಬೇಡದ್ದು ನಲವತ್ತೊಂದು ತುಣುಕು ತೆಗೀತು. ಟೆಸ್ಟೆಲ್ಲ ಪಾಸಾಗಿ ಹಸಿರು ಬಂದಿತ್ತು.”

“ಟೆಸ್ಟಲ್ಲಿ ಕೈ ಇಟ್ಟು ನೋಡಿದ್ರಾ?” ಎಂದ ಫಿಟ್ಟರು.

ಇಂಜಿನಿಯರು ಒಂದು ಹೆಜ್ಜೆ ಹಿಂದೆ ಸರಿದ.

“ನಿನ್ನ ಆಫೀಸಾ?” ಫಿಟ್ಟರು ಹೆಂಡತಿಯ ಕಡೆ ತಿರುಗಿದ. “ಯಾರೇ ಅದನ್ನ ಮಾಡಿದ್ದು?”

“ಹೋಗಿ ನೋಡ್ತೀನಿ. ನೀವು ಇಲ್ಲೇ ಇರಿ, ಇವಳೊಬ್ಬಳೇ ಆಗ್ತಾಳೆ,” ಎಂದು ಟೀಚರಮ್ಮ ಎದ್ದಳು. ಗಂಡನ ಕೋಪ ಅವಳಿಗೆ ಹೊಸದಲ್ಲ. ಮೂಗಿನ ತುದಿಯಲ್ಲಿರುವ ಕೋಪವಲ್ಲ ಅದು. ಹೊಟ್ಟೆಯ ಆಳದಲ್ಲೆಲ್ಲೋ ಮಲಗಿರುತ್ತದೆ, ಎದ್ದರೆ ಏನನ್ನಾದರೂ ಮುರಿದೇ ಮತ್ತೆ ಮಲಗುವುದು. ಮದುವೆಯಾದ ಹೊಸತರಲ್ಲಿ, ತಮ್ಮನ ಕಪಾಳಕ್ಕೆ ಹೊಡೆದ ಬಸ್ ಕಂಡಕ್ಟರನ ದವಡೆ ಮುರಿದು ಮೂರು ತಿಂಗಳು ಒಳಗಿದ್ದು ಬಂದವನು. ಆದರೆ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತ ಅವಳನ್ನು ನಡುಗಿಸುತ್ತಿದ್ದದ್ದು ಗಂಡನ ಕೋಪವಲ್ಲ. ಒಂದು ಸಾಲು.

ಟೀಚರಮ್ಮ ಎಂಬುದು ಆಫೀಸಿನವರು ಇಟ್ಟ ಹೆಸರು. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಆ ಶಾಲೆ ಮುಚ್ಚಿದ ಮೇಲೆ ತನ್ನಷ್ಟಕ್ಕೇ ಕಂಪ್ಯೂಟರು ಕಲಿತು ಈ ಕೆಲಸಕ್ಕೆ ಸೇರಿದವಳು. ಕೆಲಸವೆಂದರೆ ಕೈಪಿಡಿ ಬರೆಯುವುದು. ಓದುವವರು ಮಾತ್ರ ಮನುಷ್ಯರಲ್ಲ, ಏಜೆಂಟುಗಳು: ಹೇಳಿದ ಕೆಲಸವನ್ನು ತಾವೇ ಓದಿಕೊಂಡು, ತಾವೇ ತೀರ್ಮಾನಿಸಿ, ತಾವೇ ಮಾಡಿ ಮುಗಿಸುವ ಪ್ರೋಗ್ರಾಮುಗಳು. ಸಾವಿರಾರು ತುಣುಕುಗಳ ಕೋಡು ಅವುಗಳಿಗೊಂದು ದಟ್ಟ ಕಾಡು. ಆ ಕಾಡಿನ ನಕ್ಷೆ ಈ ಟೂಲು. ಒಂದೊಂದು ತುಣುಕೂ ಒಂದೊಂದು ಚುಕ್ಕಿ. ಒಂದು ತುಣುಕು ಇನ್ನೊಂದನ್ನು ಕೆಲಸಕ್ಕೆ ಕರೆದರೆ ನಡುವೆ ಒಂದು ಗೆರೆ. ‘ಇದನ್ನು ಕರೆಯುವವರು ಯಾರು?’ ಎಂದು ಏಜೆಂಟು ಕೇಳಿದರೆ, ಟೂಲು ಗೆರೆ ಹಿಡಿದು ನಡೆದು ಹೋಗಿ ಪಟ್ಟಿ ತಂದು ಕೊಡುತ್ತದೆ. “ನೆಂಟಸ್ತನ ಹೇಳೋ ಅಜ್ಜಿ ಇದ್ದ ಹಾಗೆ ಕಣ್ರೋ ಇದು,” ಎಂದು ಟೀಚರಮ್ಮ ಸೇರಿದ ವಾರವೇ ಎಲ್ಲರನ್ನೂ ನಗಿಸಿದ್ದಳು. “ಯಾರಿಗೆ ಯಾರು ಏನಾಗಬೇಕು ಅಂತ ಬಾಯಲ್ಲೇ ಇರುತ್ತೆ. ಓಡಿಹೋಗಿ ಮದುವೆ ಆದೋರು ಮಾತ್ರ ಅಜ್ಜಿ ಲೆಕ್ಕದಲ್ಲಿಲ್ಲ.”

ಆ ಮಾತು ಕೇಳಿಯೇ ಗುಂಗುರು ಎದ್ದು ಬಂದಿದ್ದ. ಗುಂಗುರು ಎಂದರೆ ಟೂಲನ್ನು ಬರೆದವನು. ತಲೆಯ ಮೇಲೆ ಬಾಚಣಿಗೆಗೂ ಬಗ್ಗದ ಕೂದಲು, ಮೂವತ್ತು ದಾಟಿದ್ದರೂ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬರುವವನು.

“ಟೀಚರ್, ಅದನ್ನೇ ಒಂದು ಸಾಲು ಹಾಕಿ. ಪಟ್ಟಿ ಖಾಲಿ ಬಂದ್ರೆ ಕರೆಯೋರು ಇಲ್ಲ ಅಂತಲ್ಲ, ನನಗೆ ಕಾಣ್ಲಿಲ್ಲ ಅಂತ. ಕೆಲವು ಕಡೆ ತುಣುಕಿನ ಹೆಸರನ್ನ ಬೇರೆ ಸೆಟ್ಟಿಂಗ್ ಫೈಲಲ್ಲಿ ಬರೆದಿಟ್ಟಿರ್ತಾರೆ. ಮೆಷಿನ್ ಓಡುವಾಗ ಆ ಹೆಸರು ನೋಡ್ಕೊಂಡು ಕರೆಯುತ್ತೆ. ಆ ಗೆರೆ ನನ್ನ ಟೂಲಿಗೆ ಕಾಣಲ್ಲ.”

“ಅದೇ, ಓಡಿಹೋದ ಜೋಡಿ.”

“ಅದೇ.”

ಅವಳು ಬರೆದಳು. ಚೆನ್ನಾಗಿಯೇ ಬರೆದಿದ್ದಳು. ಆಮೇಲೆ ಕೈಪಿಡಿ ಕತ್ತರಿಯ ಮುಂದೆ ಹೋಯಿತು. ಕತ್ತರಿ ಅವರ ಮ್ಯಾನೇಜರು. ರಜೆ, ಟೀ ಹೊತ್ತು, ವಾಕ್ಯ, ಯಾವುದು ಕಂಡರೂ ಅರ್ಧ ಮಾಡದೆ ಬಿಡದವನು. ಏಜೆಂಟು ಪ್ರತಿ ಸಲವೂ ಕೈಪಿಡಿಯನ್ನು ಮೊದಲಿನಿಂದ ಓದುತ್ತದೆ, ಉದ್ದವಾದಷ್ಟೂ ಅದರ ತಲೆಯಲ್ಲಿ ಕೆಲಸಕ್ಕೆ ಜಾಗ ಸಾಲುವುದಿಲ್ಲ, ಮುನ್ನೂರು ಸಾಲನ್ನು ನೂರಿಪ್ಪತ್ತಕ್ಕೆ ಇಳಿಸಿ ಎಂದ. ಟೀಚರಮ್ಮ ಇಡೀ ದಿನ ಕೂತು ಇಳಿಸಿದಳು. ನೂರಿಪ್ಪತ್ತೊಂದರಲ್ಲಿ ಬಂದು ನಿಂತಿತು. ಇನ್ನೊಂದು ಹೋಗಬೇಕು. ಕಣ್ಣು ಖಾಲಿ ಪಟ್ಟಿಯ ಸಾಲಿನ ಮೇಲೆ ಬಿತ್ತು. ಇದು ಯಾರಿಗೆ ಗೊತ್ತಿಲ್ಲ, ಅನ್ನಿಸಿತು. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ತರಗತಿ ಆಕಳಿಸುತ್ತದೆ ಎಂದು ಹತ್ತೊಂಬತ್ತು ವರ್ಷ ಕಲಿತ ಪಾಠ ಅದು. ಏಜೆಂಟಿನ ತರಗತಿಯಲ್ಲಿ ಯಾರೂ ಆಕಳಿಸುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಅದು ಗೊತ್ತಿದ್ದೂ ಅಳಿಸಿದಳು. ಗುಂಗುರುವಿಗೆ ಹೇಳಲೂ ಇಲ್ಲ.

ಆಫೀಸು ಎರಡನೇ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ನಾಲ್ಕು ಮೇಜು, ಮೂಲೆಯಲ್ಲಿ ಕತ್ತರಿ ಕೂರುವ ಗಾಜಿನ ಗೂಡು, ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅವಳು ಒಳಗೆ ಕಾಲಿಟ್ಟಾಗ ಒಂದೂಕಾಲು. ಇಬ್ಬರು ರಜೆಯಲ್ಲಿದ್ದರು. ಕತ್ತರಿ ಗೂಡಿನೊಳಗಿದ್ದ, ಹೊರಗೆ ಗುಂಗುರು ಒಬ್ಬನೇ ಕಂಪ್ಯೂಟರಿನ ಪರದೆಗೆ ಮುಖ ಹಚ್ಚಿ ಕೂತಿದ್ದ.

“ಕಾರ್ಖಾನೆಯೋರು ಏಜೆಂಟಿನ ದಿನಚರಿ ಕಳಿಸಿದಾರೆ. ಓದಿ,” ಎಂದ, ತಲೆಯೆತ್ತದೆ.

ಓದಿದಳು. ಪ್ರೆಸ್ ನಿಲ್ಲಿಸುವ ತುಣುಕು. ಕೇಳಿದ ಪ್ರಶ್ನೆ: ಕರೆಯುವವರು ಯಾರು? ಬಂದ ಉತ್ತರ: ಖಾಲಿ. ಕೈಪಿಡಿಯ ಪ್ರಕಾರ, ಕರೆಯುವವರು ಯಾರೂ ಇಲ್ಲದ ತುಣುಕನ್ನು ತೆಗೆಯಬಹುದು. ಕರೆಯುವವರು ಯಾರೂ ಇಲ್ಲ. ತೆಗೆಯಲಾಗಿದೆ.

ಪಕ್ಕದಲ್ಲಿ ಹಿಡಿದ ಹೊತ್ತು ಬರೆದಿತ್ತು: ಒಂದು ಸೆಕೆಂಡಿಗೂ ಕಡಿಮೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ನಿಮಿಷವೂ ಬೇಕಾಗಿರಲಿಲ್ಲ.

“ಟೀಚರ್, ಆ ಸಾಲು ಎಲ್ಲಿ?”

“ಅಳಿಸ್ದೆ ಕಣೋ.”

“ಯಾರು ಅಳಿಸು ಅಂದ್ರು?”

“ಯಾರೂ ಅನ್ನಲಿಲ್ಲ. ಒಂದು ಸಾಲು ಕಮ್ಮಿ ಆಗ್ಬೇಕಿತ್ತು, ಅದನ್ನ ಹಿಡಿದೆ. ಅಲ್ಲಿ ಕೈ ಹೋಗಿರೋದು ನನ್ನ ಮೈದುನಂದು.”

ಗುಂಗುರು ಗಡಿಯಾರ ನೋಡಿದ. ಬೈಯಲು ಸಿದ್ಧವಾಗಿದ್ದ ಮಾತನ್ನು ಅವನು ಬದಿಗಿಟ್ಟದ್ದು ಅವಳಿಗೆ ಕಂಡಿತು. ಕೊನೆಗೆ ಇಷ್ಟೇ ಹೇಳಿದ: “ಎರಡು ಗಂಟೆಗೆ ಇನ್ನೊಂದು ಕಾರ್ಖಾನೆ ಏಜೆಂಟು ಇದೇ ಕೆಲಸ ಶುರು ಮಾಡುತ್ತೆ. ಅಲ್ಲಿ ಹದಿನಾಲ್ಕು ಪ್ರೆಸ್ಸು, ಮಧ್ಯಾಹ್ನದ ಪಾಳಿ. ಫೋನ್ ಮಾಡ್ದೆ, ಊಟದ ಹೊತ್ತು, ಯಾರೂ ಎತ್ತಲ್ಲ. ಅದು ಕೆಲಸಕ್ಕೆ ಮುಂಚೆ ಕೈಪಿಡಿ ಓದುತ್ತೆ. ಅಷ್ಟರೊಳಗೆ ಸಾಲು ಅಲ್ಲಿರಬೇಕು.”

ಟೀಚರಮ್ಮ ಕೂತು ಸಾಲನ್ನು ಮತ್ತೆ ಬರೆದಳು, ಈ ಸಲ ಎಲ್ಲಕ್ಕಿಂತ ಮೇಲೆ. ಎರಡು ನಿಮಿಷ ಹಿಡಿಯಿತು. ಆದರೆ ಬರೆದವರೇ ಹೊರಗೆ ಬಿಡುವಂತಿರಲಿಲ್ಲ. ಅವಳು ಕಳಿಸಬೇಕು, ಕತ್ತರಿ ತನ್ನ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಬೇಕು. ಕತ್ತರಿ ಗೂಡಿನಿಂದ ಹೊರಗೆ ಬಂದು ಅವಳ ಹೆಗಲ ಮೇಲಿಂದ ಓದಿದ.

“ಇದನ್ನ ಇವತ್ತು ಹಾಕಿದ್ರೆ, ನಿನ್ನೆ ಇರ್ಲಿಲ್ಲ ಅಂತ ನಾವೇ ಬರೆದು ಕೊಟ್ಟ ಹಾಗೆ ಮೇಡಂ. ವಕೀಲರು ನಾಳೆ ಸಿಗ್ತಾರೆ. ಅಲ್ಲೀತನಕ ಒಂದಕ್ಷರ ಮುಟ್ಟಬೇಡಿ.”

“ಎರಡು ಗಂಟೆಗೆ ಹದಿನಾಲ್ಕು ಪ್ರೆಸ್ಸು ಇದೆ ಸರ್.”

“ಅದು ಅವರ ಕಾರ್ಖಾನೆ, ಅವರ ಪ್ರೆಸ್ಸು. ನಮ್ಮ ಟೂಲು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ. ಖಾಲಿ ಅಂದ್ರೆ ಖಾಲಿ.”

“ನಿಮ್ಮ ಮನೆಯೋರ ಕೈ ಇದ್ದಿದ್ರೆ...”

“ನಮ್ಮ ಮನೇಲಿ ಪ್ರೆಸ್ ಓಡಿಸೋರು ಯಾರೂ ಇಲ್ಲ ಮೇಡಂ,” ಎಂದ ಕತ್ತರಿ, ತಾಳ್ಮೆಯಿಂದಲೇ.

ಆಗ ಗಾಜಿನ ಬಾಗಿಲು ಒಡೆಯಿತು.

ತಳ್ಳಿದ್ದರೆ ತೆರೆದುಕೊಳ್ಳುತ್ತಿತ್ತು, ಚಿಲಕ ಹಾಕಿರಲಿಲ್ಲ. ಫಿಟ್ಟರು ತಳ್ಳಲಿಲ್ಲ. ಮೊಣಕೈಯುದ್ದದ ಸ್ಪ್ಯಾನರು ಹಿಡಿದು, ಚೂರುಗಳ ಮೇಲೆ ಬೂಟು ಕರಕರ ಎನಿಸುತ್ತ ಒಳಗೆ ಬಂದ. ಹೆಂಡತಿಯನ್ನು ನೋಡಿದ, ನೋಡದವನಂತೆ.

“ಆ ಟೂಲು ಬರೆದೋನು ಯಾರು?”

ಕತ್ತರಿಯ ತೋರುಬೆರಳು ತಾನಾಗಿಯೇ ಎದ್ದಿತು. ಗುಂಗುರುವನ್ನು ತೋರಿಸಿತು. ಬೆರಳು ಇಳಿಯುವ ಮೊದಲೇ ಕತ್ತರಿಯ ಕಾಲುಗಳು ಗೂಡಿನೊಳಗೆ ಹೋಗಿ ಚಿಲಕ ಹಾಕಿಕೊಂಡಿದ್ದವು.

ಮೊದಲ ಏಟು ಗುಂಗುರುವಿನ ಹೆಗಲಿಗೆ ಬಿತ್ತು. ಕುರ್ಚಿ ಸಮೇತ ಉರುಳಿದ. ಏಳಲು ಹೋದವನ ಬಾಯಿಗೆ ಎರಡನೆಯದು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಗಿ ತುಟಿ ಎರಡು ಸೀಳಾಯಿತು, ಹಲ್ಲು ನೆಲಕ್ಕೆ ಬಿದ್ದು ಮೇಜಿನಡಿ ಉರುಳಿತು. ಮೂರನೆಯದನ್ನು ಫಿಟ್ಟರು ಬೂಟಿನಲ್ಲಿ ಕೊಟ್ಟ, ಪಕ್ಕೆಗೆ. “ನಲವತ್ತೊಂದು ತುಣುಕು,” ಎನ್ನುತ್ತಿದ್ದ, ಉಸಿರಿಗೊಂದು ಸಲ, ಪಾಠ ಒಪ್ಪಿಸುವವನ ಹಾಗೆ. “ನಲವತ್ತೊಂದು ತುಣುಕು.”

ಮೂರು ಏಟಿನವರೆಗೆ ಟೀಚರಮ್ಮ ಸುಮ್ಮನೆ ನಿಂತಿದ್ದಳು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಭಯವಿತ್ತು, ನಿಜ. ಆದರೆ ನಿಂತದ್ದು ಬರೀ ಭಯಕ್ಕಲ್ಲ. ಹೊಡೆತ ಬೀಳಬೇಕಾದ ಜಾಗಕ್ಕೆ ಬೀಳದೆ ಬೇರೆ ಕಡೆ ಬೀಳುತ್ತಿದೆ ಎಂಬ ಒಂದು ಹೊಲಸು ನೆಮ್ಮದಿ ಎದೆಯ ಯಾವುದೋ ಮೂಲೆಯಲ್ಲಿ ಕೂತಿತ್ತು. ನೆಲದಲ್ಲಿ ಮುದುರಿ ಬಿದ್ದ ಗುಂಗುರು ಅವಳನ್ನೇ ನೋಡಿದ. ಅಳಿಸಿದ್ದು ಅವಳೆಂದು ಒಂದು ಮಾತು ಹೇಳಿದ್ದರೆ ಅವನು ಉಳಿಯುತ್ತಿದ್ದ. ಹೇಳಲಿಲ್ಲ. ಬಾಯಲ್ಲಿದ್ದ ರಕ್ತವನ್ನು ಉಗಿದ. ಆ ನೋಟ ಅವಳ ನೆಮ್ಮದಿಯನ್ನು ಕಿತ್ತೆಸೆಯಿತು.

“ಅವನಲ್ಲ ರೀ. ನಾನು.”

ಫಿಟ್ಟರಿಗೆ ಕೇಳಿಸಲಿಲ್ಲ. ಅವಳು ಹೋಗಿ ಎತ್ತಿದ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ, ಅವಳು ಹಾರಿ ಹೋಗಿ ಕಬ್ಬಿಣದ ಬೀರುವಿಗೆ ಬಡಿದಳು. ಹಣೆ ಒಡೆದು ಬಿಸಿಯಾದದ್ದು ಕಣ್ಣಿಗಿಳಿಯಿತು. ಒರೆಸಿಕೊಂಡು ಮತ್ತೆ ಬಂದಳು.

“ನಾನು ಅಂದ್ನಲ್ಲ. ಅವನು ಹೇಳಿದ್ದ, ಒಂದು ಸಾಲು ಹಾಕಿ, ಇಲ್ಲಾಂದ್ರೆ ಅಪಾಯ ಅಂತ. ಬರೆದಿದ್ದೂ ನಾನೇ, ಅಳಿಸಿದ್ದೂ ನಾನೇ.”

“ಇವನನ್ನ ಉಳಿಸೋಕೆ ಸುಳ್ಳು ಹೇಳ್ಬೇಡ.”

“ಬನ್ನಿ. ನೀವೇ ಓದಿ.”

ಹಳೆಯ ಕರಡು ತೆರೆದಳು. ಅಳಿಸಿದ ಸಾಲಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಅವಳ ಹೆಸರು, ತಾರೀಕು, ವೇಳೆ. ಫಿಟ್ಟರು ಪರದೆಯ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಜೋಡಿಸಿ, ಗಟ್ಟಿಯಾಗಿ ಓದಿದ. ಬೆರಳು ಹೋದಲ್ಲೆಲ್ಲ ಕಂದು ಬಣ್ಣ ಮೆತ್ತಿತು. ಅದರಲ್ಲಿ ತಮ್ಮನದೆಷ್ಟೋ ಗುಂಗುರುವಿನದೆಷ್ಟೋ.

“‘ಪಟ್ಟಿ ಖಾಲಿ ಎಂದರೆ ಕರೆಯುವವರು ಇಲ್ಲವೆಂದಲ್ಲ, ಟೂಲಿಗೆ ಕಾಣಲಿಲ್ಲವೆಂದು ಮಾತ್ರ. ಮನುಷ್ಯರನ್ನು ಕೇಳದೆ ತೆಗೆಯಬೇಡಿ.’” ಓದಿ ಮುಗಿಸಿ ಬೆರಳು ತೆಗೆದ. “ಇಷ್ಟೇನಾ?”

“ಇಷ್ಟೇ.”

“ಇದಿದ್ದಿದ್ರೆ ನಿಲ್ತಿತ್ತಾ?”

“ನಿಲ್ತಿತ್ತು.”

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದ್ಭುತವಾದ ಶಾಂತಿಯಿಂದ, ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಕೇಳಿದ: “ಅಳಿಸಿದ ಕೈ ಯಾವುದು?”

“ಎರಡೂ. ಟೈಪ್ ಮಾಡೋದು ಎರಡು ಕೈಯಲ್ಲಿ.”

“ಮೇಜಿನ ಮೇಲಿಡು.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಅವಳ ಮೇಲೆ ಕೈಯೆತ್ತಿರಲಿಲ್ಲ. ಎತ್ತುವುದಿದ್ದರೆ ಹೀಗೇ ಎತ್ತುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಓಡಬಹುದಿತ್ತು, ಬಾಗಿಲೇ ಇರಲಿಲ್ಲ. ಆದರೆ ಓಡಿದರೆ ಅವನು ಮತ್ತೆ ಗುಂಗುರುವಿನ ಕಡೆ ತಿರುಗುತ್ತಾನೆ, ಗಡಿಯಾರ ಎರಡಾಗುತ್ತದೆ. ಟೀಚರಮ್ಮ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದಳು. ಎಡಗೈಯನ್ನು ಮಾತ್ರ ಇಟ್ಟಳು.

“ಎಡಗೈ ತಗೊಳ್ಳಿ. ಬಲಗೈಯಲ್ಲಿ ನನಗೆ ಇನ್ನೂ ಕೆಲಸ ಇದೆ,” ಎಂದಳು, ತರಕಾರಿಗೆ ಚೌಕಾಸಿ ಮಾಡುವವಳಂತೆ. “ಆ ಸಾಲು ಎರಡು ಗಂಟೆಯೊಳಗೆ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ಇನ್ನೊಬ್ಬರ ಮನೆಯೋರು ಆ ಬೆಂಚಿನ ಮೇಲೆ ಕೂರ್ತಾರೆ.”

ಸ್ಪ್ಯಾನರು ಮೇಲೆದ್ದಿತು. ಮೇಲೆಯೇ ನಿಂತಿತು. ಅವನು ಅದನ್ನು ಅವಳ ಕೈಮೇಲೆ ಇಳಿಸುತ್ತಿದ್ದನೋ ಎಸೆದುಬಿಡುತ್ತಿದ್ದನೋ, ಅದು ಅವನಿಗೂ ಗೊತ್ತಾಗದೆ ಹೋಯಿತು. ಏಕೆಂದರೆ ಅಷ್ಟರಲ್ಲಿ ಗುಂಗುರು ಗೋಡೆ ಹಿಡಿದು ಎದ್ದಿದ್ದ. ಕೆಂಪು ಸಿಲಿಂಡರನ್ನು ಕೊಂಡಿಯಿಂದ ಕಿತ್ತು, ಬಾಯಿಂದ ರಕ್ತ ಸುರಿಸುತ್ತ, ಎರಡೂ ಕೈಯಲ್ಲಿ ಬೀಸಿ ಹಿಂದಿನಿಂದ ಫಿಟ್ಟರ ಹೆಗಲಿಗೆ ಹೊಡೆದ. ಕಾಲರಿನ ಹತ್ತಿರ ಎಲುಬು ಲಟಕ್ಕೆಂದಿತು. ಫಿಟ್ಟರು ಮೊಣಕಾಲೂರಿ ಕುಸಿದ. ಸ್ಪ್ಯಾನರು ಅವನ ಬಿಗಿಯಿಂದ ಜಾರಿ, ಬರೀ ತನ್ನ ಭಾರಕ್ಕೇ ಬಿದ್ದು, ಟೀಚರಮ್ಮನ ಕಿರುಬೆರಳು, ಉಂಗುರ ಬೆರಳುಗಳನ್ನು ಮೇಜಿನಂಚಿಗೆ ಜಜ್ಜಿತು.

ಅವಳು ಕೂಗಿಕೊಂಡಳು. ಆಮೇಲೆ ಕೂಗಲು ಪುರಸೊತ್ತು ಇರಲಿಲ್ಲ.

“ಗಂಟೆ ಎಷ್ಟೋ?”

“ಒಂದು ಐವತ್ತೆರಡು,” ಎಂದ ಗುಂಗುರು. ಮಾತು ಗಾಳಿಯಾಗಿ ಹೊರಬಂತು. ಅವನು ಸಿಲಿಂಡರನ್ನು ಇನ್ನೂ ಎತ್ತಿ ಹಿಡಿದೇ ಇದ್ದ, ಮುಂದೇನು ಮಾಡಬೇಕೆಂದು ತಿಳಿಯದೆ.

ಜಜ್ಜಿದ ಬೆರಳುಗಳನ್ನು ಹೊಟ್ಟೆಗೆ ಅವಚಿಕೊಂಡು, ಟೀಚರಮ್ಮ ಬಲಗೈಯಲ್ಲಿ ಸಾಲನ್ನು ಕತ್ತರಿಗೆ ಕಳಿಸಿ, ಅದೇ ಕೈಯಲ್ಲಿ ಸ್ಪ್ಯಾನರು ಎತ್ತಿಕೊಂಡಳು. ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಾಜಿನ ಗೂಡಿನ ಮುಂದೆ ಹೋಗಿ ನಿಂತಳು. ಒಳಗೆ ಕತ್ತರಿ ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಆಂಬುಲೆನ್ಸಿನವರಿಗೆ ವಿಳಾಸ ಹೇಳುತ್ತಿದ್ದ.

“ಸರ್, ಒಪ್ಪಿಗೆ ಒತ್ತಿ.”

“ಮೇಡಂ, ನಿಮ್ಮ ಸ್ಥಿತಿ ನನಗೆ ಅರ್ಥ ಆಗುತ್ತೆ. ಆದ್ರೆ ವಕೀಲರು...”

ಗಾಜಿಗೆ ಬೀಸಿದಳು. ಮೊದಲ ಏಟಿಗೆ ಜೇಡರ ಬಲೆಯಂತೆ ಬಿರುಕು ಬಿಟ್ಟಿತು, ಎರಡನೆಯದಕ್ಕೆ ಇಡೀ ಗೋಡೆಯೇ ಸುರಿದು ಅವನ ಕೂದಲು, ಹೆಗಲು, ಫೋನಿನ ಮೇಲೆಲ್ಲ ಚೆಲ್ಲಿತು. ಚೂರು ತುಳಿದುಕೊಂಡೇ ಒಳಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವಿಗೂ ಬೆತ್ತ ತೋರಿಸದ ಕೈ ಅದು.

“ಇದು ಅಪರಾಧ ಮೇಡಂ.”

“ಹೌದು. ಒತ್ತಿ.”

“ಪೊಲೀಸಿಗೆ ಹೇಳ್ತೀನಿ.”

“ಹೇಳಿ. ನಾನೂ ಬರ್ತೀನಿ ಜೊತೆಗೆ. ಮೊದಲು ಒತ್ತಿ.”

ಕತ್ತರಿ ಕೀಬೋರ್ಡಿನ ಕಡೆ ನೋಡಿದ, ಅವಳ ಕಡೆ ನೋಡಿದ, ಇವಳು ಎಷ್ಟಾದರೂ ಟೀಚರಮ್ಮ ಎಂದು ಲೆಕ್ಕ ಹಾಕಿದ. “ಕೂತು ಮಾತಾಡೋಣ,” ಎಂದ. ಅವಳು ಅವನ ಮಂಡಿಗೆ ಹೊಡೆದಳು. ಜೋರಾಗಿಯೇ ಹೊಡೆದಳು, ಚಿಪ್ಪು ಜಾಗ ಬಿಟ್ಟು ಸರಿದದ್ದು ಸ್ಪ್ಯಾನರಿನ ಹಿಡಿಯವರೆಗೆ ತಿಳಿಯಿತು. ಕತ್ತರಿ ಹಂದಿಯಂತೆ ಕಿರುಚಿದ. ಅವಳಿಗೆ ಪಾಪ ಅನ್ನಿಸಿತು, ಅನ್ನಿಸಿದರೂ ಮತ್ತೆ ಎತ್ತಿದಳು.

ಅವನು ಒತ್ತಿದ. ಒಂದು ಸಲ ತಪ್ಪು ಪಾಸ್‌ವರ್ಡ್ ಹೊಡೆದ. ಅವಳು ಕಾದಳು. ಎರಡನೇ ಸಲ ಸರಿಯಾಯಿತು.

“ಹೋಯ್ತಾ?” ಎಂದು ಅವಳು ಹಿಂದಕ್ಕೆ ಕೇಳಿದಳು.

“ಹೋಯ್ತು,” ಎಂದ ಗುಂಗುರು, ತನ್ನ ಪರದೆ ನೋಡಿ. “ಒಂದು ಐವತ್ತೇಳು. ಮೇಲ್ಗಡೆ ಮೊದಲನೇ ಸಾಲು.” ಆಗ ಸಿಲಿಂಡರನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ತಾನೂ ಕೂತ. ಎರಡು ದಾಟಿ ನಾಲ್ಕು ನಿಮಿಷವಾದಾಗ ಮತ್ತೆ ಹೇಳಿದ: “ಟೀಚರ್, ಆ ಏಜೆಂಟು ಓದ್ತು. ಆರು ತುಣುಕು ತೆಗೀದೆ ಹಾಗೇ ಬಿಟ್ಟಿದೆ. ಮನುಷ್ಯರನ್ನ ಕೇಳ್ಬೇಕು ಅಂತ ಬರೆದು ನಿಲ್ಲಿಸಿದೆ.”

ಟೀಚರಮ್ಮ ಸ್ಪ್ಯಾನರನ್ನು ಕತ್ತರಿಯ ಮೇಜಿನ ಮೇಲಿಟ್ಟಳು. ಗಂಡ ಬೀರುವಿಗೆ ಒರಗಿ ಕೂತಿದ್ದ. ಬಲತೋಳು ತನ್ನದಲ್ಲವೆಂಬಂತೆ ನೇತಾಡುತ್ತಿತ್ತು, ಮುಖ ಬೂದಿಯಾಗಿತ್ತು. ಅವಳು ಅವನಿಂದ ಎರಡು ಮಾರು ದೂರದಲ್ಲಿ, ಗುಂಗುರುವಿನ ಕಡೆಗೆ, ಗೋಡೆಗೆ ಒರಗಿದಳು.

“ತೋರಿಸು ಬೆರಳು,” ಎಂದ ಫಿಟ್ಟರು.

“ಬೇಡ.”

“ನಾನು ಇಳಿಸ್ತಿರ್ಲಿಲ್ಲ.”

“ಅದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.”

ಗೂಡಿನೊಳಗಿಂದ ಕತ್ತರಿಯ ನರಳಾಟ ಕೇಳಿಸುತ್ತಿತ್ತು.

“ತಮ್ಮನಿಗೆ ಏನಂತ ಹೇಳೋದೇ?” ಎಂದ ಫಿಟ್ಟರು. “ಎಚ್ಚರ ಆದಕೂಡ್ಲೆ ಕೇಳ್ತಾನೆ. ಯಾಕಣ್ಣ ನಿಲ್ಲಲಿಲ್ಲ ಅಂತ ಕೇಳ್ತಾನೆ.”

“ನಾನು ಹೇಳ್ತೀನಿ. ನಾನು ಅಳಿಸಿದ್ದು ಅಂತ ಅವನಿಗೂ ಹೇಳ್ತೀನಿ, ಅವನ ಹೆಂಡ್ತಿಗೂ ಹೇಳ್ತೀನಿ. ಆಮೇಲೆ ಪೊಲೀಸಿಗೆ ಎಲ್ಲರದ್ದೂ ಹೇಳ್ತೀನಿ. ನನ್ನದು, ನಿಮ್ಮದು, ಆ ಒಳಗಿರೋರ ಮಂಡಿದು.”

“ನಾನೂ ಬರ್ತೀನಿ ನಿನ್ನ ಜೊತೆ.”

“ಅವನ ಕೋಣೆಗೆ ನೀವು ಬರಬೇಡಿ. ನಾನು ಹೇಳೋವಾಗ ಅವನು ನನ್ನ ಮುಖ ನೋಡ್ಬೇಕು, ನಿಮ್ಮದಲ್ಲ.”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಆಂಬುಲೆನ್ಸಿನ ಇಬ್ಬರು ಸ್ಟ್ರೆಚರೊಂದನ್ನು ಅಡ್ಡಡ್ಡ ಮಾಡಿಕೊಂಡು ಬಾಗಿಲಿಲ್ಲದ ಬಾಗಿಲಲ್ಲಿ ಬಂದು ನಿಂತರು. ಮುಂದಿದ್ದವನು ನೆಲದ ಗಾಜು ನೋಡಿದ. ಬಾಯಿಗೆ ಅಂಗಿ ಒತ್ತಿಕೊಂಡ ಗುಂಗುರುವನ್ನು, ತೋಳು ನೇತಾಡುವ ಫಿಟ್ಟರನ್ನು, ಹಣೆಯಿಂದ ರಕ್ತ ಇಳಿಯುವ ಹೆಂಗಸನ್ನು ನೋಡಿದ, ಗೂಡಿನೊಳಗಿನ ನರಳಾಟಕ್ಕೆ ಕಿವಿಗೊಟ್ಟ. ಸ್ಟ್ರೆಚರನ್ನು ನಡುವೆ ಇಳಿಸಿ, ಇನ್ನೊಂದು ತರಲು ಕೆಳಗೆ ಓಡಿದ.